ಏರಿಯ ಹಿಂಬದಿ ನೋಡಿದ್ದೀರಾ?

ಕೆರೆ ಕೋಡಿ ಬಿದ್ದರೆ ಬಾಗಿನ ಕೊಡಲು ಊರಿಗೆ ಊರೇ ಓಡುತ್ತದೆ. ಏರಿಯ ಹಿಂಬದಿಗೆ ಇಳಿದು ನೋಡುವವರು ಎಷ್ಟು ಮಂದಿ? ಅಪಾಯದ ಸುಳಿವು ಸಿಗುವುದು ಅಲ್ಲಿ. ಬುಡದಲ್ಲಿ ತಿಳಿನೀರು ಜಿನುಗುತ್ತಿದ್ದರೆ ಅದು ಹೆಚ್ಚುತ್ತಿದೆಯೇ ಎಂದು ದಿನವೂ ಗಮನಿಸಿ. ನೀರು ಬಗ್ಗಡವಾಯಿತೋ, ಏರಿಯೊಳಗಿನ ಮಣ್ಣು ಕೊಚ್ಚಿ ಬರುತ್ತಿದೆ ಎಂದೇ ಅರ್ಥ. ಆಮೇಲೆ ಹೆಚ್ಚು ಹೊತ್ತಿಲ್ಲ. ಹೆಗ್ಗಣದ ಬಿಲ, ಒಣಗಿದ ಜಾಲಿಯ ಕೊಳೆತ ಬೇರು, ತೂಬಿನ ಪಕ್ಕದ ಬಿರುಕು, ನೀರಿಗೆ ಇಷ್ಟು ದಾರಿ ಸಾಕು.

ಇನ್ನೊಂದು ಆಪತ್ತು ನಾವೇ ತಂದುಕೊಳ್ಳುವುದು. ಒಂದು ಗೇಣು ನೀರು ಹೆಚ್ಚು ನಿಲ್ಲಲಿ ಎಂದು ಕೋಡಿಗೆ ಮರಳು ಚೀಲ ಒಟ್ಟುತ್ತಾರೆ. ಹೂಳೆತ್ತುವುದಕ್ಕಿಂತ ಇದು ಸುಲಭ, ನಿಜ. ಆದರೆ ಕೋಡಿಯಲ್ಲಿ ಹೋಗದ ನೀರು ಏರಿಯ ಮೇಲೆ ಹತ್ತುತ್ತದೆ. ನೀರು ಮೇಲೆ ಹರಿದರೆ ಮಣ್ಣಿನ ಏರಿ ತಡೆಯುವುದಿಲ್ಲ. ಕೆಳಗಿರುವುದು ಗದ್ದೆ ಮಾತ್ರವಲ್ಲ, ಮನೆಗಳೂ ಇವೆ.

ಕಡಪ ಸೀಮೆಯ ಪೋರುಮಾಮಿಳ್ಳ ಕೆರೆಯ 1369ರ ವಿಜಯನಗರ ಶಾಸನ ಕೆರೆಯ 6 ದೋಷಗಳನ್ನು ಎಣಿಸುತ್ತದೆ. ಏರಿ ಸೋರುವುದು ಅವುಗಳಲ್ಲೊಂದು. ನಮ್ಮ ಶಾಸನಗಳಲ್ಲಿ ಕೆರೆಗೆ ಮಣ್ಣು ಹೊರುವ ಬಂಡಿಗೆಂದೇ ದತ್ತಿ ಬಿಟ್ಟದ್ದುಂಟು. ಈಗ ಬಂಡಿಯ ಮಾತಿರಲಿ, ನೀರುಗಂಟಿಯೇ ಇಲ್ಲದ ಊರುಗಳೆಷ್ಟೋ! ಮುಂಗಾರಿಗೆ ಮೊದಲು ಕೋಡಿಯ ಗಿಡಗಂಟಿಯನ್ನಾದರೂ ಕಡಿಸಿ.