ದಾರಿಹೋಕರ ಮೌನ



ಸರಕು ತರಲೆಂದು ಚೀನಾದ ಗುವಾಂಗ್‌ಝೌ ನಗರಕ್ಕೆ ಹೋಗಿಬರುವ ವರ್ತಕರು ನಮ್ಮ ನಡುವೆಯೂ ಇದ್ದಾರೆ. ಅಲ್ಲಿ ರಸ್ತೆಯಲ್ಲಿ ಬಿದ್ದವರನ್ನು ಯಾರೂ ಎತ್ತುವುದಿಲ್ಲ, ಆ ಜನರಿಗೆ ಕರುಣೆಯೇ ಇಲ್ಲವೆಂದು ನಾವು ಸುಲಭವಾಗಿ ತೀರ್ಪು ಕೊಟ್ಟುಬಿಡುತ್ತೇವೆ. ಇದು ನ್ಯಾಯವೇ?

ಆ ನಗರಕ್ಕೆ ಹೊಂದಿಕೊಂಡಿರುವ ಫೋಶಾನ್‌ನಲ್ಲಿ 2011ರ ಅಕ್ಟೋಬರ್ 13ರಂದು ಎರಡು ವರ್ಷದ ಹೆಣ್ಣುಮಗುವಿನ ಮೇಲೆ ಒಂದರ ಬಳಿಕ ಒಂದರಂತೆ ಎರಡು ವಾಹನಗಳು ಹರಿದವು. 18 ಮಂದಿ ಪಕ್ಕದಲ್ಲೇ ಹಾದುಹೋದದ್ದು ಕ್ಯಾಮೆರಾದಲ್ಲಿ ದಾಖಲಾಯಿತು. ಕೊನೆಗೆ ಮಗುವನ್ನು ರಸ್ತೆಯಿಂದ ಎತ್ತಿದಾಕೆ ಗುಜರಿ ಆಯುವ ಬಡ ಮಹಿಳೆ. ಎಂಟು ದಿನಗಳ ಬಳಿಕ ಮಗು ಅಸುನೀಗಿತು.

ಆ ಮೌನದ ಹಿಂದೆ ಒಂದು ಭಯವಿತ್ತು. 2006ರಲ್ಲಿ ನಾನ್‌ಜಿಂಗ್‌ನ ಬಸ್ ನಿಲ್ದಾಣದಲ್ಲಿ ಬಿದ್ದ ವೃದ್ಧೆಯನ್ನು ಯುವಕನೊಬ್ಬ ಆಸ್ಪತ್ರೆಗೆ ಸೇರಿಸಿದ. ತನ್ನನ್ನು ಕೆಡವಿದವನು ಆತನೇ ಎಂದು ಆಕೆ ದಾವೆ ಹೂಡಿದರು. ತಪ್ಪಿಲ್ಲದವನು ಇಷ್ಟೆಲ್ಲ ನೆರವಾಗುವನೇ ಎಂಬ ಧಾಟಿಯಲ್ಲಿ ತರ್ಕಿಸಿದ ನ್ಯಾಯಾಲಯ, ನಷ್ಟದಲ್ಲಿ ಶೇ. 40ರಷ್ಟನ್ನು ಆತ ಭರಿಸಬೇಕೆಂದು 2007ರಲ್ಲಿ ತೀರ್ಪಿತ್ತಿತು. ಡಿಕ್ಕಿಯಾದದ್ದು ನಿಜವೆಂದು ಯುವಕನೇ ಒಪ್ಪಿದ್ದನೆಂಬ ಅಧಿಕಾರಿಗಳ ವಿವರಣೆ ಬಂದದ್ದು 2012ರಲ್ಲಿ. ಅಷ್ಟರೊಳಗೆ ಭಯ ಬೇರೂರಿತ್ತು. ನೆರವಿಗೆ ಧಾವಿಸಿದವರನ್ನು ರಕ್ಷಿಸುವ ಕಾನೂನು ಅಲ್ಲಿ 2017ರ ಅಕ್ಟೋಬರ್‌ನಿಂದ ಜಾರಿಗೆ ಬಂದಿದೆ.

ನಮ್ಮ ಊರುಗಳಲ್ಲೇನು ಬೇರೆಯೇ? 'ಪೊಲೀಸ್ ಕೇಸು, ನಮಗೇಕೆ' ಎಂಬ ಮಾತು ನಮ್ಮ ಮನೆಗಳದ್ದೇ. ಸಹಾಯ ಮಾಡಿದವರನ್ನು ಪೀಡಿಸಬಾರದೆಂಬ ನಿಯಮಗಳಿಗೆ ಸುಪ್ರೀಂ ಕೋರ್ಟ್ 2016ರಲ್ಲಿ ಬಲ ನೀಡಿತು. 2019ರಲ್ಲಿ ಅದು ಮೋಟಾರು ವಾಹನ ಕಾಯ್ದೆಗೂ ಸೇರಿತು. ನಮ್ಮಲ್ಲಿ ಎಷ್ಟು ಮಂದಿ ಇದನ್ನು ಬಲ್ಲರು? ಜರ್ಮನಿಯಲ್ಲಾದರೋ ನೆರವಾಗಬಲ್ಲವನು ನೆರವಾಗದಿರುವುದೇ ಅಪರಾಧ. ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದು.

ಕಾನೂನಲ್ಲದೆ ಗುಂಪಿನ ಸ್ವಭಾವವೂ ಇದೆ. 1968ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ಕೋಣೆಯೊಳಗೆ ಹೊಗೆ ಹರಿಸಿ ಪರೀಕ್ಷಿಸಿದರು. ಒಂಟಿಯಾಗಿದ್ದವರಲ್ಲಿ ಶೇ. 75ರಷ್ಟು ಮಂದಿ ಹೊರಬಂದು ತಿಳಿಸಿದರು. ಮೂವರಿದ್ದ ಗುಂಪುಗಳಲ್ಲಿ ಶೇ. 38ರಲ್ಲಿ ಮಾತ್ರ ಒಬ್ಬರಾದರೂ ಎದ್ದರು. ಮಿಕ್ಕವರು ಪರಸ್ಪರ ಮುಖ ನೋಡಿಕೊಂಡು ಕುಳಿತಿದ್ದರು!

ಆದ್ದರಿಂದ ಪರದೇಶದಲ್ಲಿ ಅಪಘಾತವಾದರೆ ಗುಂಪನ್ನು ಕೂಗಿ ಫಲವಿಲ್ಲ. ಒಬ್ಬರನ್ನೇ ಬೆರಳು ಮಾಡಿ ಕರೆಯಿರಿ. ಅವರು ಮೊಬೈಲಿನಲ್ಲಿ ಚಿತ್ರೀಕರಿಸಿದರೆ ಸಿಟ್ಟಾಗಬೇಡಿ. ನಾಳೆ ತಮ್ಮ ಮೇಲೆ ಆರೋಪ ಬಾರದಿರಲೆಂದು ಹಾಗೆ ಮಾಡುತ್ತಿರಬಹುದು. ಚೀನಾಕ್ಕೆ ಹೊರಡುವವರು 'ಆಂಬ್ಯುಲೆನ್ಸ್‌ಗಾಗಿ 120ಕ್ಕೆ ಕರೆ ಮಾಡಿ' ಎಂಬ ಚೀಟಿಯನ್ನು ಚೀನೀ ಲಿಪಿಯಲ್ಲಿ ಬರೆಸಿ, ಪಾಸ್‌ಪೋರ್ಟಿನ ಜೊತೆಗೇ ಇರಿಸಿಕೊಳ್ಳಿ.