ಚಿಕ್ಕ ಕಾರಿನಲ್ಲಿ ಮಾಗಿಯ ದೂರಪಯಣ



ದೂರದ ಪ್ರಯಾಣಕ್ಕೆ ದೊಡ್ಡ ವಾಹನವೇ ಬೇಕೆಂಬುದು ಜನರಲ್ಲಿ ಬೇರೂರಿರುವ ನಂಬಿಕೆ. ಕಳೆದ ಧನುರ್ಮಾಸದಲ್ಲಿ ನಾವು ಮೈಸೂರಿನಿಂದ ದೆಹಲಿಗೆ ನಮ್ಮ ಚಿಕ್ಕ ಕಾರಿನಲ್ಲಿಯೇ ಹೋಗುವೆವೆಂದು ಹೇಳಿದಾಗ, ಕೇಳಿದವರು ಮೊದಲು ನಮ್ಮ ಮುಖವನ್ನು ನೋಡಿದರು, ಆಮೇಲೆ ಕಾರನ್ನು ನೋಡಿದರು, ಕೊನೆಗೆ, "ರೈಲು ಇದೆಯಲ್ಲ?" ಎಂದರು. ರೈಲು ಇರುವುದು ನಮಗೂ ತಿಳಿದಿತ್ತು. ಆದರೆ ನಾವು ದಂಪತಿಗಳಿಬ್ಬರಲ್ಲದೆ ನಮ್ಮೊಡನೆ ಮೂರನೆಯ ಪ್ರಯಾಣಿಕರೊಬ್ಬರಿದ್ದರು. ಎರಡು ಇರುಳು ರೈಲಿನ ನೂಕುನುಗ್ಗಲನ್ನು ಸಹಿಸುವ ಶಕ್ತಿ ಅವರಿಗಿರಲಿಲ್ಲ. ಅದು ಒಂದು ವೀಣೆ.

ನಮ್ಮ ಮನೆಯವರ ಚಿಕ್ಕಮ್ಮ ಮದುವೆಯಾಗಿ ದೆಹಲಿಗೆ ಹೋದಾಗ ತೌರಿನಲ್ಲಿ ಬಿಟ್ಟುಹೋದ ವೀಣೆ ಅದು. ಐವತ್ತೈದು ವರ್ಷ ಅದು ಮೈಸೂರಿನ ಮನೆಯ ನಡುಕೋಣೆಯಲ್ಲಿಯೇ ಇದ್ದಿತು. ಈಗ ಆಕೆಗೆ ಎಂಬತ್ತು ಸಮೀಪಿಸಿದೆ. ಕಣ್ಣೆರಡೂ ಮಬ್ಬಾಗಿ, ಒಂದಕ್ಕೆ ಶಸ್ತ್ರಚಿಕಿತ್ಸೆಯ ದಿನ ಗೊತ್ತಾಗಿದ್ದಿತು. ದೃಷ್ಟಿ ಎಷ್ಟರಮಟ್ಟಿಗೆ ಮರಳೀತೆಂಬುದನ್ನು ವೈದ್ಯರು ಖಚಿತವಾಗಿ ಹೇಳಿರಲಿಲ್ಲ. "ಇರುವ ಕಣ್ಣಿನಲ್ಲೇ ಅದನ್ನೊಮ್ಮೆ ನೋಡಿಬಿಡುತ್ತೇನೆ, ತಂದುಕೊಡ್ತೀರಾ?" ಎಂದು ಆಕೆ ಟೆಲಿಫೋನಿನಲ್ಲಿ ಕೇಳಿದರು. ಚಿಕಿತ್ಸೆಯ ಹಿಂದಿನ ದಿನ ಸಂಜೆಗೆ ಬಂದು ಸೇರುವೆವೆಂದು ನಾವು ಮಾತು ಕೊಟ್ಟೆವು.

ಚಳಿಗಾಲ ಇಂತಹ ಪ್ರಯಾಣಕ್ಕೆ ತಕ್ಕ ಕಾಲವೇ ಎಂದು ಕೆಲವರು ಕೇಳಬಹುದು. ವೀಣೆಯ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ವೀಣೆಯ 24 ಮೆಟ್ಟಿಲುಗಳು ಕೂತಿರುವುದು ಕಪ್ಪು ಬೆರೆಸಿದ ಮೇಣದ ಹಾಸಿನ ಮೇಲೆ. ಸೆಖೆ ಹೆಚ್ಚಿದರೆ ಮೇಣ ಮೆತ್ತಗಾಗಿ ಮೆಟ್ಟಿಲು ಜರುಗುತ್ತದೆ. ಮೆಟ್ಟಿಲು ಜರುಗಿದರೆ ಸ್ವರ ಕೆಡುತ್ತದೆ. ಮೇ ತಿಂಗಳಿನಲ್ಲಿ ನಾಗಪುರದ ಬಿಸಿಲು 45 ಡಿಗ್ರಿಯನ್ನು ಮುಟ್ಟುವುದುಂಟು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಒಳಗಂತೂ ಅದು ಇನ್ನೂ ಹೆಚ್ಚು. ಆದುದರಿಂದ ವೀಣೆಗೆ ಮಾಗಿಯೇ ಕ್ಷೇಮ. ಮನುಷ್ಯರಿಗೆ ಅದು ಅಷ್ಟೇ ಕ್ಷೇಮವಲ್ಲವೆಂಬುದು ನಮಗೆ ಆಮೇಲೆ ತಿಳಿಯಿತು.

ಚಿಕ್ಕ ಕಾರು ಎಂದರೆ ಎಷ್ಟು ಚಿಕ್ಕದು? ನಮ್ಮ ದೇಶದಲ್ಲಿ ಇದಕ್ಕೆ ಸರ್ಕಾರದ ಅಳತೆಯೇ ಉಂಟು. 2006ರ ಆಯವ್ಯಯದಲ್ಲಿ, ನಾಲ್ಕು ಮೀಟರಿಗೆ ಮೀರದ ಉದ್ದವೂ, ಪೆಟ್ರೋಲಿನದಾದರೆ 1,200 ಘನ ಸೆಂಟಿಮೀಟರಿಗೆ ಮೀರದ ಎಂಜಿನೂ ಉಳ್ಳ ಕಾರುಗಳಿಗೆ ಸುಂಕವನ್ನು ತಗ್ಗಿಸಿದರು. ಅಂದಿನಿಂದ ಕಾರು ತಯಾರಿಸುವವರೆಲ್ಲ ಆ ನಾಲ್ಕು ಮೀಟರಿನೊಳಗೆ ಸಂಸಾರವನ್ನು ಕೂರಿಸುವ ಜಾಣ್ಮೆಯನ್ನು ಕಲಿತರು. ಅದಕ್ಕೂ ಮೊದಲು, 1983ರ ಡಿಸೆಂಬರಿನಲ್ಲಿ ಬೀದಿಗಿಳಿದು 2014ರ ಆರಂಭದವರೆಗೂ ತಯಾರಾಗುತ್ತಿದ್ದ ಮಾರುತಿ 800 ಎಂಬ ಕಾರು, 796 ಘನ ಸೆಂಟಿಮೀಟರಿನ ಮೂರು ಸಿಲಿಂಡರುಗಳಲ್ಲಿಯೇ ಮಧ್ಯಮವರ್ಗದವರನ್ನು ಧರ್ಮಸ್ಥಳಕ್ಕೂ ತಿರುಪತಿಗೂ ಮುಟ್ಟಿಸಿದ್ದನ್ನು ನಮ್ಮ ಶ್ರೋತೃಗಳಲ್ಲಿ ಅನೇಕರು ಬಲ್ಲರು. ಎಂದಮೇಲೆ ದೂರವನ್ನು ಕ್ರಮಿಸುವ ಶಕ್ತಿ ಚಿಕ್ಕ ಕಾರಿಗೆ ಇಲ್ಲವೆನ್ನುವುದು ಸರಿಯಲ್ಲ. ಅದಕ್ಕಿಲ್ಲದಿರುವುದು ಸ್ಥಳ.

ಹಿಂದಿನ ಆಸನದ ಒಂದು ಪಾಲನ್ನು ಮಡಿಸಿ, ವೀಣೆಯ ಸೋರೆಬುರುಡೆಯನ್ನು ಬಿಡಿಸಿ, ತಂತಿಗಳನ್ನು ತುಸು ಸಡಿಲಿಸಿ, ಎರಡು ಕೌದಿಗಳಲ್ಲಿ ಸುತ್ತಿ ಮಲಗಿಸಿದ ಮೇಲೆ ನಮಗೆ ಉಳಿದುದು ಎರಡು ಚೀಲಗಳ ಜಾಗ. ಮೊದಲ ದಿನ ಕೂಡಿಟ್ಟಿದ್ದ ಸಾಮಾನಿನಲ್ಲಿ ಅರ್ಧಕ್ಕೂ ಹೆಚ್ಚನ್ನು ಮನೆಯಲ್ಲಿಯೇ ಬಿಟ್ಟೆವು. ಉಳಿದುವೆಂದರೆ ಉಣ್ಣೆಯ ಬಟ್ಟೆ, ಬಿಸಿನೀರಿನ ಥರ್ಮಾಸು, ಅವಲಕ್ಕಿ, ಪುಳಿಯೋಗರೆಯ ಗೊಜ್ಜು, ಟೈರಿನ ಗಾಳಿಯನ್ನಳೆಯುವ ಪುಟ್ಟ ಯಂತ್ರ, ಒಂದು ಟಾರ್ಚು. ಆರು ದಿನಗಳಲ್ಲಿ ಬಿಟ್ಟುಬಂದುದರಲ್ಲಿ ಯಾವುದೂ ಬೇಕೆನಿಸಲಿಲ್ಲ.

ದಾರಿ ಸುಮಾರು 2,300 ಕಿಲೋಮೀಟರು. ಬೆಂಗಳೂರನ್ನು ದಾಟಿದರೆ ಮುಂದೆ ಬಹುಮಟ್ಟಿಗೆ ಒಂದೇ ಹೆದ್ದಾರಿ. ಕನ್ಯಾಕುಮಾರಿಯಿಂದ ಶ್ರೀನಗರಕ್ಕೆ ಹೋಗುವ 44ನೆಯ ರಾಷ್ಟ್ರೀಯ ಹೆದ್ದಾರಿ. 2010ರಲ್ಲಿ ಹೆದ್ದಾರಿಗಳ ಸಂಖ್ಯೆಗಳನ್ನು ಬದಲಾಯಿಸುವುದಕ್ಕೆ ಮುಂಚೆ ಇದರ ದಕ್ಷಿಣ ಭಾಗವನ್ನು ಏಳನೆಯ ಹೆದ್ದಾರಿಯೆಂದು ಕರೆಯುತ್ತಿದ್ದರು. ಸ್ನಾನದ ಹೊತ್ತಿನಲ್ಲಿ ಹೆಸರು ಹೇಳಿ ನೆನೆಯುವ ನದಿಗಳನ್ನು ಒಂದೊಂದಾಗಿ ದಾಟಿಸುವ ರಸ್ತೆ ಇದು. ಕರ್ನೂಲಿನಲ್ಲಿ ತುಂಗಭದ್ರೆ, ಅದರಾಚೆ ಕೃಷ್ಣೆ, ನಿರ್ಮಲದ ಮುಂಚೆ ಗೋದಾವರಿ, ನರಸಿಂಗಪುರವನ್ನು ಬಿಟ್ಟ ಮೇಲೆ ನರ್ಮದೆ, ಮೊರೇನಾ ಧೋಲಪುರಗಳ ನಡುವೆ ಚಂಬಲ್.

ನಮ್ಮಲ್ಲಿ ಒಬ್ಬರು ಓಡಿಸುವಾಗ ಮತ್ತೊಬ್ಬರು ದಾರಿ ನೋಡುವುದು, ಎರಡು ಗಂಟೆಗೊಮ್ಮೆ ಇಳಿದು ಕೈಕಾಲು ಚಾಚುವುದು, ಕತ್ತಲಾಗುವ ಮುನ್ನ ತಂಗುವುದು, ಇದು ನಾವು ಮಾಡಿಕೊಂಡ ನಿಯಮ. ಮೊದಲ ರಾತ್ರಿ ಕರ್ನೂಲು, ಎರಡನೆಯದು ಆದಿಲಾಬಾದು, ಮೂರನೆಯದು ಸಿವನಿ, ನಾಲ್ಕನೆಯದು ಝಾನ್ಸಿ. ನಾಗಪುರಕ್ಕೂ ಸಿವನಿಗೂ ನಡುವೆ ಪೆಂಚ್ ಅರಣ್ಯದಲ್ಲಿ ಹುಲಿ ಜಿಂಕೆಗಳು ಕೆಳಗೆ ನಡೆದುಹೋಗಲೆಂದು ರಸ್ತೆಯನ್ನೇ ಕಂಬಗಳ ಮೇಲೆ ಎತ್ತಿ ಕಟ್ಟಿದ್ದಾರೆ. ಮನುಷ್ಯನು ತನ್ನ ವೇಗಕ್ಕಾಗಿ ಪ್ರಾಣಿಗೆ ದಾರಿಬಿಟ್ಟ ಅಪರೂಪದ ಸ್ಥಳವೆಂದು ಅಲ್ಲಿ ನಿಧಾನವಾಗಿ ಸಾಗಿದೆವು.

ಉತ್ತರಕ್ಕೆ ಹೋದಂತೆ ಎರಡು ಸಂಗತಿಗಳು ನಮ್ಮ ಅನುಭವಕ್ಕೆ ಬಂದವು. ಮೊದಲನೆಯದು, ಹಗಲು ಕುಗ್ಗುವುದು. ಡಿಸೆಂಬರಿನ ಕೊನೆಯಲ್ಲಿ ಮೈಸೂರಿನ ಹಗಲಿಗಿಂತ ದೆಹಲಿಯ ಹಗಲು ಸುಮಾರು ಒಂದು ಗಂಟೆ ಗಿಡ್ಡ. ಪೆಟ್ರೋಲು ಹಾದಿಯುದ್ದಕ್ಕೂ ದೊರೆಯುತ್ತದೆ. ಕಡಮೆಯಾದ ಹಗಲನ್ನು ಮಾತ್ರ ಯಾವ ಬಂಕಿನಲ್ಲಿಯೂ ತುಂಬಿಸಿಕೊಳ್ಳಲಾಗದು. ಎರಡನೆಯದು ಚಳಿ. ಗಾಳಿ ತಣಿದರೆ ಕುಗ್ಗುತ್ತದೆ. 10 ಡಿಗ್ರಿ ಇಳಿದರೆ ಟೈರಿನ ಒತ್ತಡವೂ ಸುಮಾರು ಒಂದೂವರೆ ಪೌಂಡು ಇಳಿಯುತ್ತದೆ. ಮೈಸೂರಿನ ಹಗಲಿನಲ್ಲಿ ಸರಿಯಾಗಿ ತುಂಬಿಸಿದ್ದ ಟೈರುಗಳು ಝಾನ್ಸಿಯ ಮುಂಜಾವಿನಲ್ಲಿ ಮೂರು ಪೌಂಡು ಕಡಮೆ ತೋರಿದವು. ಚಿಕ್ಕ ಕಾರಿನ ಒಳಗಿನ ಗಾಳಿಯೂ ಸ್ವಲ್ಪವೇ. ಇಬ್ಬರ ಉಸಿರಿಗೇ ಮುಂದಿನ ಗಾಜು ಮಬ್ಬಾಗುತ್ತದೆ. ಚಳಿಯಲ್ಲಿಯೂ ತಂಪುಯಂತ್ರವನ್ನು ನಡೆಸಿ, ಬಿಸಿಗಾಳಿಯೊಡನೆ ಗಾಜಿನ ಕಡೆಗೆ ತಿರುಗಿಸಿದರೆ, ಅದು ಗಾಳಿಯ ತೇವವನ್ನು ಹೀರಿ ಗಾಜನ್ನು ತಿಳಿಯಾಗಿಸುತ್ತದೆ. ಇವೆಲ್ಲ ಸಣ್ಣ ವಿಷಯಗಳು. ಮುಂದೆ ಬಂದುದು ಸಣ್ಣ ವಿಷಯವಾಗಿರಲಿಲ್ಲ.

ಐದನೆಯ ದಿನ ದೆಹಲಿಗೆ ಇನ್ನೂ 400 ಕಿಲೋಮೀಟರಿಗೆ ಮೇಲ್ಪಟ್ಟು ದಾರಿಯಿದ್ದಿತು. ಕೊಟ್ಟ ಮಾತು ಮನಸ್ಸಿನಲ್ಲಿದ್ದುದರಿಂದ ನಮ್ಮ ನಿಯಮವನ್ನು ನಾವೇ ಮುರಿದು ಬೆಳಗ್ಗೆ ಐದೂವರೆಗೇ ಝಾನ್ಸಿಯನ್ನು ಬಿಟ್ಟೆವು. ದತಿಯಾ ಕಳೆಯುವವರೆಗೆ ದಾರಿ ಕಾಣುತ್ತಿತ್ತು. ಆಮೇಲೆ ಯಾರೋ ಬಿಳಿಯ ಪರದೆಯನ್ನು ಇಳಿಯಬಿಟ್ಟಂತೆ ಮಂಜು ಮುಸುಕಿತು. ಮಲೆನಾಡಿನ ಮಂಜನ್ನು ನಾವು ಕಂಡವರೇ. ಅದು ಬೆಟ್ಟದಿಂದ ಬೆಟ್ಟಕ್ಕೆ ಸರಿಯುತ್ತದೆ, ನಡುನಡುವೆ ಕಣ್ಣು ಬಿಡಿಸುತ್ತದೆ. ಇದು ಹಾಗಲ್ಲ. ಮೋಡವಿಲ್ಲದ, ಗಾಳಿಯಿಲ್ಲದ ದೀರ್ಘರಾತ್ರಿಯಲ್ಲಿ ನೆಲ ತನ್ನ ಕಾವನ್ನು ಆಕಾಶಕ್ಕೆ ಬಿಟ್ಟು ತಣ್ಣಗಾಗುತ್ತದೆ. ನೀರು ಹಾಯಿಸಿದ ಗೋಧಿಯ ಹೊಲಗಳ ತೇವ ಅದರ ಮೇಲೆಯೇ ಹೆಪ್ಪುಗಟ್ಟಿದಂತೆ ನಿಲ್ಲುತ್ತದೆ. ಹೊಗೆಯ ಕಣಗಳು ಅದಕ್ಕೆ ಆಸರೆಯಾಗುತ್ತವೆ. ಬಿಸಿಲೇರಿ ನೆಲ ಕಾಯುವವರೆಗೆ ಅದು ಕದಲುವುದಿಲ್ಲ.

ದೀಪವನ್ನು ಎತ್ತರಿಸಿದರೆ ಬೆಳಕು ಹನಿಗಳಿಗೆ ಬಡಿದು ನಮ್ಮ ಕಣ್ಣಿಗೇ ಮರಳಿತು. ತಗ್ಗಿಸಿದರೆ ರಸ್ತೆಯ ಬಿಳಿಯ ಗೆರೆ ನಾಲ್ಕು ಮಾರು ಮಾತ್ರ ಕಂಡಿತು. ಆಗ ಮುಂದೆ ಒಂದು ಲಾರಿಯ ಕೆಂಪು ದೀಪ ಕಾಣಿಸಿತು. ಅದು ನಮಗೆ ದೈವವೇ ತೋರಿದ ದಾರಿಯೆನಿಸಿತು. ಅದರ ಬೆನ್ನು ಹಿಡಿದೆವು. ನಾವು ಕಾಣದ್ದನ್ನು ಆತನು ಕಾಣುತ್ತಿರುವನೆಂಬ ಭರವಸೆಯಲ್ಲಿ ವೇಗವೂ ತಾನಾಗಿಯೇ ಏರಿತು. ಹೀಗೆ ಎಷ್ಟು ಹೊತ್ತು ಹೋದೆವೋ ತಿಳಿಯದು. ಒಮ್ಮೆಲೆ ಆ ಕೆಂಪು ದೀಪ ಮುಂದಕ್ಕೆ ಸರಿಯುವುದನ್ನು ಬಿಟ್ಟು ನಮ್ಮೆಡೆಗೇ ಬರುವಂತೆ ದೊಡ್ಡದಾಯಿತು. ಲಾರಿ ನಿಂತುಬಿಟ್ಟಿದ್ದಿತು. ಬ್ರೇಕನ್ನು ಒತ್ತಿ ನಿಂತಾಗ ನಮ್ಮ ಕಾರಿನ ಮೂತಿಗೂ ಅದರ ಹಿಂಬದಿಯ ಕಬ್ಬಿಣಕ್ಕೂ ನಡುವೆ ಒಂದು ಮೊಳದಷ್ಟು ಜಾಗವಿದ್ದಿತು. ಹಿಂದೆ ವೀಣೆ ಒಮ್ಮೆ ಝೇಂಕರಿಸಿ ಸುಮ್ಮನಾಯಿತು. ನಾವಿಬ್ಬರೂ ಮಾತನಾಡಲಿಲ್ಲ.

ಮೆಲ್ಲಗೆ ಲಾರಿಯ ಪಕ್ಕವನ್ನು ಹಾದು, ಹೆದ್ದಾರಿಯಿಂದ ಇಳಿದು, ಡಾಬರಾ ಊರಿನ ಸಮೀಪದ ಒಂದು ಢಾಬಾದ ಅಂಗಳವನ್ನು ಸೇರಿದೆವು. ಸ್ವಲ್ಪ ಹೊತ್ತಿಗೆ ಆ ಲಾರಿಯೂ ಅಲ್ಲಿಗೆ ಬಂದಿತು. ಬೆಂಕಿಯ ಸುತ್ತ ಕೂತಿದ್ದ ಚಾಲಕರು ನಮಗೂ ಜಾಗ ಕೊಟ್ಟು ಚಹಾ ತರಿಸಿದರು. ಏಕೆ ನಿಲ್ಲಿಸಿದಿರೆಂದು ಕೇಳಿದರೆ, ಲಾರಿಯವನು ನಕ್ಕು, ದಾರಿ ಕಾಣದೆ ನಿಲ್ಲಿಸಿದೆನೆಂದನು. ಎಂದರೆ, ಕುರುಡನ ಹೆಗಲನ್ನು ಹಿಡಿದು ಮತ್ತೊಬ್ಬ ಕುರುಡ ನಡೆದಂತೆ ನಾವು ಅಷ್ಟು ದೂರ ಬಂದಿದ್ದೆವು!

ಚಹಾ ಕುಡಿಯುತ್ತ ನಾವು ಲೆಕ್ಕ ಹಾಕಿದೆವು. ಗಂಟೆಗೆ 60 ಕಿಲೋಮೀಟರು ಓಡುವ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರು ಹೋಗುತ್ತದೆ. ಅಪಾಯವನ್ನು ಕಂಡು ಕಾಲು ಬ್ರೇಕನ್ನು ಒತ್ತುವುದಕ್ಕೆ ಒಂದೂವರೆ ಸೆಕೆಂಡು ಹಿಡಿದರೆ ಅಷ್ಟರಲ್ಲಿಯೇ 25 ಮೀಟರು ಕಳೆಯಿತು. ನಿಲ್ಲುವುದಕ್ಕೆ ಹೆಚ್ಚುಕಡಮೆ ಇನ್ನೂ ಅಷ್ಟೇ ಬೇಕು. ಎಂದರೆ ಒಟ್ಟು 50 ಮೀಟರು. ಅದೇ 30ರ ವೇಗದಲ್ಲಾದರೆ 20 ಮೀಟರಿನೊಳಗೆ ನಿಲ್ಲಬಹುದು. ಕಾಣುವುದು ಹತ್ತು ಮೀಟರಾದರೆ ಯಾವ ವೇಗವೂ ತಕ್ಕ ವೇಗವಲ್ಲ. ರಸ್ತೆಯನ್ನು ಬಿಟ್ಟು ನಿಲ್ಲುವುದೊಂದೇ ದಾರಿ. ಕಾಲೇಜಿಗೆ ಸೇರಿದ ಮೊದಲ ವರ್ಷದ ವಿದ್ಯಾರ್ಥಿ ಮಾಡಬಲ್ಲ ಲೆಕ್ಕವಿದು. ಇದನ್ನು ಬೆಳಗಿನ ಐದೂವರೆಗೆ ನಾವು ಮಾಡಲಿಲ್ಲ. ಅವಸರವಿದ್ದಾಗ ಮನುಷ್ಯನು ಮರೆಯುವುದು ಕಷ್ಟವಾದ ವಿದ್ಯೆಯನ್ನಲ್ಲ, ಸುಲಭವಾದುದನ್ನು.

ಮಂಜು ಕರಗುವಾಗ ಹತ್ತೂವರೆ ದಾಟಿದ್ದಿತು. ಗ್ವಾಲಿಯರನ್ನು ಹಾದು, ಚಂಬಲನ್ನು ದಾಟಿ ಆಗ್ರಾ ಮುಟ್ಟಿದಾಗ ಸಂಜೆ ನಾಲ್ಕು ಗಂಟೆ. ದೆಹಲಿ ಇನ್ನು ನಾಲ್ಕು ಗಂಟೆಯ ದಾರಿ. ಕಾರಿಗೆ ಆಯಾಸವಿರಲಿಲ್ಲ, ರಸ್ತೆಯೂ ಹಸನಾದುದೇ. ಆದರೆ ಸೂರ್ಯನು ಆಗಲೇ ತಾಮ್ರದ ತಟ್ಟೆಯಂತಾಗಿದ್ದನು. ಹೋಗುವುದೆ, ನಿಲ್ಲುವುದೆ? ಹೋದರೆ ಮಾತು ಉಳಿದೀತು. ನಿಂತರೆ, ಆಕೆ ಕೇಳಿದ್ದ ಒಂದೇ ಒಂದು ವಿಷಯ ತಪ್ಪುತ್ತದೆ. ಕಣ್ಣಿನ ಮಾತಾದುದರಿಂದ, ತಪ್ಪಿದರೆ ಸರಿಪಡಿಸುವಂತಹುದೂ ಅಲ್ಲ. ನಮ್ಮ ಮನೆಯವರು ಕೊನೆಗೆ ಚಿಕ್ಕಮ್ಮನಿಗೇ ಟೆಲಿಫೋನು ಮಾಡಿ ಇದ್ದುದನ್ನು ಇದ್ದಂತೆ ಹೇಳಿದರು. ಆ ಕಡೆ ಒಂದು ಕ್ಷಣ ಮೌನ. ಆಮೇಲೆ, "ಐವತ್ತೈದು ವರ್ಷ ಕಾದಿದ್ದೀನಿ ಕಣಮ್ಮ, ಇನ್ನೊಂದು ರಾತ್ರಿ ಏನು ಮಹಾ? ಅಲ್ಲೇ ಇದ್ದು ಬೆಳಗಾದ ಮೇಲೆ ಬನ್ನಿ. ನನಗೆ ಬೇಕಾದ್ದು ಬರೀ ವೀಣೆಯಲ್ಲ," ಎಂದರು.

ಆ ರಾತ್ರಿ ಆಗ್ರಾದಲ್ಲಿ ಉಳಿದೆವು. ಎಂಟು ಗಂಟೆಗೆ ಕಿಟಕಿಯಿಂದ ನೋಡಿದರೆ ಎದುರಿನ ಬೀದಿಯ ದೀಪವೇ ಕಾಣುತ್ತಿರಲಿಲ್ಲ.

ಮರುದಿನ ಬಿಸಿಲು ಬಂದ ಮೇಲೆ ಹೊರಟು ದೆಹಲಿಯ ಮನೆಯನ್ನು ಸೇರಿದಾಗ ಮಧ್ಯಾಹ್ನ ಮೂರು ಗಂಟೆ. ಚಿಕ್ಕಮ್ಮ ಆಸ್ಪತ್ರೆಯಿಂದ ಆಗತಾನೆ ಮರಳಿದ್ದರು. ಒಂದು ಕಣ್ಣಿಗೆ ಕಟ್ಟು. ಕೌದಿಯನ್ನು ಬಿಚ್ಚಿ ವೀಣೆಯನ್ನು ಮುಂದಿಟ್ಟೆವು. ಆಕೆ ಬೆರಳುಗಳನ್ನು ಮೆಟ್ಟಿಲುಗಳ ಮೇಲೆ ಒಂದೊಂದಾಗಿ ಹಾಯಿಸಿ ಎಣಿಸಿದರು. ಇಪ್ಪತ್ತನಾಲ್ಕೂ ಇದ್ದ ಕಡೆಯೇ ಇದ್ದವು. ಮಾರನೆಯ ದಿನ ಕಟ್ಟು ಬಿಚ್ಚಿದ ಮೇಲೆ ವೀಣೆಯನ್ನು ಕಿಟಕಿಯ ಬಳಿಗೆ ತರಿಸಿಕೊಂಡು, ದಂಡಿಯ ಕೊನೆಯ ಯಾಳಿಯ ಮುಖವನ್ನು ಬಹಳ ಹೊತ್ತು ನೋಡಿದರು. "ಇದರ ಒಂದು ಕಿವಿ ಮುರಿದಿತ್ತು. ನಾನೇ ಬೀಳಿಸಿದ್ದು. ಹಾಗೇ ಇದೆ," ಎಂದರು. ಆ ಕಿವಿ ಮುರಿದಿರುವುದನ್ನು ಇಷ್ಟು ವರ್ಷ ಅದರೊಡನಿದ್ದ ನಾವು ಗಮನಿಸಿಯೇ ಇರಲಿಲ್ಲ.

ಶ್ರೋತೃಗಳೆ, ಚಿಕ್ಕ ಕಾರಿನಲ್ಲಿ ದೂರ ಹೋಗಬಹುದೆ ಎಂದು ಈಗ ಯಾರಾದರೂ ಕೇಳಿದರೆ ಧಾರಾಳವಾಗಿ ಹೋಗಬಹುದೆನ್ನುತ್ತೇವೆ. ಎಷ್ಟು ಸಾಮಾನು ಸಾಕೆಂಬುದನ್ನು ಕಾರೇ ಹೇಳಿಕೊಡುತ್ತದೆ. ಎಷ್ಟು ದೂರ ಸಾಕೆಂಬುದನ್ನು ಮಾತ್ರ ಪ್ರತಿದಿನವೂ ಹಗಲನ್ನು ಕೇಳಿ ತಿಳಿಯಬೇಕು. ಮಾಗಿಯಲ್ಲಿ ಅದರ ಮಾತನ್ನು ಮೀರಬಾರದು. ಕಾದಿರುವವರು ನಮ್ಮನ್ನು ನಿಜವಾಗಿ ಬಯಸುವವರಾದರೆ, ತಡವಾಗಿ ಬರಲು ಅಪ್ಪಣೆಯನ್ನು ಅವರೇ ಕೊಡುತ್ತಾರೆ. ನಾವು ಕೇಳಬೇಕು, ಅಷ್ಟೆ.