ಸೀಟು ಎಣಿಸಿದರೆ ನಾಡು ಕಾಣದು
(ಯುವಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)

ನಿಮ್ಮಲ್ಲಿ ಅನೇಕರು ಮಾತು ಮಾತಿಗೂ ಕ್ವಿಬೆಕ್ ಉದಾಹರಣೆ ಕೊಡುತ್ತೀರಿ. "ಕೆನಡಾದಲ್ಲಿ ಫ್ರೆಂಚ್ ಮಾತಾಡುವವರು ತಮ್ಮದೇ ಪಕ್ಷ ಕಟ್ಟಿ ಪಾರ್ಲಿಮೆಂಟನ್ನೇ ನಡುಗಿಸಿದರು. ನಾವೇಕೆ ಸುಮ್ಮನಿದ್ದೇವೆ ಸಾರ್?" ಎಂದು ಕೇಳುತ್ತೀರಿ. ಪ್ರಶ್ನೆ ಒಳ್ಳೆಯದೇ. ಆದರೆ ಅರ್ಧ ಕಥೆ ಕೇಳಿ ಎದ್ದು ಹೋದರೆ ಪಾಠವೂ ಅರ್ಧವೇ ಆಗುತ್ತದೆ. ಇಂದು ಉಳಿದರ್ಧವನ್ನೂ ಹೇಳುತ್ತೇನೆ, ಕೊಂಚ ತಾಳ್ಮೆಯಿಂದ ಕೇಳಿ.

1993ರ ಅಕ್ಟೋಬರ್ 25. ಅಂದು ಕೆನಡಾದಲ್ಲಿ ಸಾರ್ವತ್ರಿಕ ಚುನಾವಣೆ. ಒಂಬತ್ತು ವರ್ಷ ದೇಶ ಆಳಿದ್ದ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷ ಮಣ್ಣು ಮುಕ್ಕಿತು. ಸಾಧಾರಣ ಸೋಲಲ್ಲ! 295 ಸ್ಥಾನಗಳ ಸದನದಲ್ಲಿ ಅದಕ್ಕೆ ದಕ್ಕಿದ್ದು ಎರಡೇ ಎರಡು. ಪ್ರಧಾನಿ ಕಿಮ್ ಕ್ಯಾಂಪ್‌ಬೆಲ್ ತಮ್ಮ ಸ್ವಂತ ಕ್ಷೇತ್ರದಲ್ಲೇ ಸೋತರು. ಲಿಬರಲ್ ಪಕ್ಷ 177 ಸ್ಥಾನ ಗೆದ್ದು, ಅದರ ನಾಯಕ ಜಾನ್ ಕ್ರೆಟಿಯನ್ ಪ್ರಧಾನಿಯಾದರು. ಆದರೆ ಅಧಿಕೃತ ವಿರೋಧ ಪಕ್ಷದ ಜಾಗದಲ್ಲಿ ಬಂದು ಕೂತದ್ದು ಯಾರು? ಲೂಸಿಯನ್ ಬುಶಾರ್ ನಾಯಕತ್ವದ ಬ್ಲಾಕ್ ಕ್ವಿಬೆಕ್ವಾ. ಕ್ವಿಬೆಕ್ ಬಿಟ್ಟು ಬೇರೆಲ್ಲೂ ಅಭ್ಯರ್ಥಿ ನಿಲ್ಲಿಸದ ಪಕ್ಷ, ಕ್ವಿಬೆಕ್ ಸ್ವತಂತ್ರವಾಗಬೇಕೆಂದು ಬಹಿರಂಗವಾಗಿ ಹೇಳುವ ಪಕ್ಷ! ಅದಕ್ಕೆ 54 ಸ್ಥಾನ. ಅದರ ಬೆನ್ನಿಗೇ, ಪಶ್ಚಿಮ ಪ್ರಾಂತ್ಯಗಳ ಸಿಟ್ಟನ್ನು ಹೊತ್ತು ಬಂದ ಪ್ರೆಸ್ಟನ್ ಮ್ಯಾನಿಂಗ್ ಅವರ ರಿಫಾರ್ಮ್ ಪಕ್ಷಕ್ಕೆ 52.

ಇದು ಒಂದೇ ರಾತ್ರಿಯಲ್ಲಿ ಆದದ್ದಲ್ಲ. 1984ರಲ್ಲಿ ಇದೇ ಕನ್ಸರ್ವೇಟಿವ್ ಪಕ್ಷ ಬ್ರಯಾನ್ ಮಲ್ರೋನಿ ನಾಯಕತ್ವದಲ್ಲಿ 282ರಲ್ಲಿ 211 ಸ್ಥಾನ ಗೆದ್ದಿತ್ತು. ಹೇಗೆ? ಕ್ವಿಬೆಕ್‌ನ ಮುನಿಸನ್ನೂ ಪಶ್ಚಿಮದ ಮುನಿಸನ್ನೂ ಒಂದೇ ಗಾಡಿಗೆ ಹೂಡಿ. ಕ್ವಿಬೆಕ್ ಸರ್ಕಾರದ ಒಪ್ಪಿಗೆಯಿಲ್ಲದೆಯೇ 1982ರಲ್ಲಿ ಕೆನಡಾದ ಸಂವಿಧಾನವನ್ನು ಬದಲಿಸಲಾಗಿತ್ತು. ಅದು ಫ್ರೆಂಚರ ನೋವು. ಆಲ್ಬರ್ಟಾದ ನೋವು ಎಣ್ಣೆಯದು. 1980ರಲ್ಲಿ ಪಿಯರ್ ಟ್ರುಡೋ ಸರ್ಕಾರ ತಂದ ಇಂಧನ ನೀತಿ ಪೆಟ್ರೋಲಿಯಂ ಬೆಲೆಯನ್ನು ಅಂತಾರಾಷ್ಟ್ರೀಯ ದರಕ್ಕಿಂತ ಕೆಳಗೆ ಕಟ್ಟಿಹಾಕಿ, ಆದಾಯದಲ್ಲಿ ಒಟ್ಟಾವದ ಪಾಲನ್ನು ಹೆಚ್ಚಿಸಿತ್ತು. ನಮ್ಮ ನೆಲದ ಎಣ್ಣೆ, ದೂರದವರಿಗೆ ಲಾಭ ಎಂದು ಆಲ್ಬರ್ಟಾದ ಜನ ಕುದಿಯುತ್ತಿದ್ದರು. ಮಲ್ರೋನಿ ಆ ನೀತಿಯನ್ನು ಕಿತ್ತುಹಾಕಿದರು.

ಆದರೆ ಒಂದೇ ಗಾಡಿಯ ಎರಡು ಎತ್ತು ಎರಡು ದಿಕ್ಕಿಗೆ ಎಳೆದರೆ ಏನಾದೀತು? 1986ರಲ್ಲಿ ಸಿ.ಎಫ್.-18 ಯುದ್ಧವಿಮಾನಗಳ ನಿರ್ವಹಣೆಯ ಗುತ್ತಿಗೆಗೆ ವಿನಿಪೆಗ್‌ನ ಕಂಪನಿಯೇ ಉತ್ತಮ ಟೆಂಡರ್ ಹಾಕಿತ್ತು. ಗುತ್ತಿಗೆ ಹೋದದ್ದು ಮಾಂಟ್ರಿಯಲ್‌ಗೆ. ಒಬ್ಬರ ಕಣ್ಣಿಗೆ ಬೆಣ್ಣೆ, ಇನ್ನೊಬ್ಬರ ಕಣ್ಣಿಗೆ ಸುಣ್ಣ! ಮರುವರ್ಷವೇ ರಿಫಾರ್ಮ್ ಪಕ್ಷ ಹುಟ್ಟಿತು.

ಇತ್ತ ಕ್ವಿಬೆಕ್ ಅನ್ನು ವಿಶಿಷ್ಟ ಸಮಾಜ ಎಂದು ಒಪ್ಪುವ ಮೀಚ್ ಲೇಕ್ ಒಪ್ಪಂದ 1987ರಲ್ಲಿ ಆಯಿತು. ಎಲ್ಲ ಹತ್ತು ಪ್ರಾಂತ್ಯಗಳೂ 1990ರ ಜೂನ್ ಒಳಗೆ ಅದನ್ನು ಅಂಗೀಕರಿಸಬೇಕಿತ್ತು. ಮ್ಯಾನಿಟೋಬಾ ಶಾಸನಸಭೆಯಲ್ಲಿ ಓಜಿ-ಕ್ರೀ ಬುಡಕಟ್ಟಿನ ಶಾಸಕ ಎಲೈಜಾ ಹಾರ್ಪರ್ ಒಪ್ಪಿಗೆ ಕೊಡಲಿಲ್ಲ. ಈ ನೆಲದ ಮೂಲನಿವಾಸಿಗಳನ್ನು ಯಾರೂ ಕೇಳಲಿಲ್ಲವಲ್ಲ ಎಂಬುದು ಅವರ ತಕರಾರು. ನ್ಯೂಫೌಂಡ್‌ಲ್ಯಾಂಡ್ ಕೂಡ ಮತಕ್ಕೆ ಹಾಕಲಿಲ್ಲ. ಒಪ್ಪಂದ ಸತ್ತಿತು. 1992ರಲ್ಲಿ ಇನ್ನೊಂದು ಒಪ್ಪಂದ ಮಾಡಿ ಜನಮತಕ್ಕೆ ಬಿಟ್ಟರು. ಕ್ವಿಬೆಕ್‌ನಲ್ಲಿ ಇದು ಸಾಲದು ಎಂದರು, ಪಶ್ಚಿಮದಲ್ಲಿ ಇದು ಅತಿಯಾಯಿತು ಎಂದರು. ಅದೂ ಬಿತ್ತು. ಮರುವರ್ಷ ಚುನಾವಣೆ. ಇಬ್ಬರ ಮೂಗಿಗೂ ತುಪ್ಪ ಸವರಿದ್ದ ಪಕ್ಷಕ್ಕೆ ಇಬ್ಬರೂ ಬಾಗಿಲು ಹಾಕಿದರು.

ಈಗ ಒಂದು ಲೆಕ್ಕ ಕೇಳಿ. ಕೇವಲ ಎರಡು ಸ್ಥಾನ ಗೆದ್ದ ಕನ್ಸರ್ವೇಟಿವ್ ಪಕ್ಷಕ್ಕೆ ಬಿದ್ದ ಮತ 21 ಲಕ್ಷಕ್ಕೂ ಹೆಚ್ಚು, ಅಂದರೆ ಶೇ. 16. ಐವತ್ತನಾಲ್ಕು ಗೆದ್ದ ಬ್ಲಾಕ್‌ಗೆ ಬಿದ್ದದ್ದು 18 ಲಕ್ಷ ಚಿಲ್ಲರೆ, ಶೇ. 13.5. ಹೆಚ್ಚು ಮತಕ್ಕೆ ಎರಡು, ಕಡಿಮೆ ಮತಕ್ಕೆ ಐವತ್ತನಾಲ್ಕು! ಒಂದರ ಮತ ದೇಶದ ತುಂಬ ಚೆಲ್ಲಿಹೋಗಿತ್ತು, ಇನ್ನೊಂದರ ಮತ ಒಂದೇ ಪ್ರಾಂತ್ಯದಲ್ಲಿ ರಾಶಿ ಬಿದ್ದಿತ್ತು. ಆಂಟೇರಿಯೋದಲ್ಲಿ ರಿಫಾರ್ಮ್ ಪಕ್ಷಕ್ಕೆ ಐವರಲ್ಲಿ ಒಬ್ಬರು ಮತ ಹಾಕಿದ್ದರು. ಸಿಕ್ಕಿದ್ದು 99ರಲ್ಲಿ ಒಂದೇ ಸ್ಥಾನ. ಲಿಬರಲ್ಲರಿಗೆ ಉಳಿದ 98. ಪತ್ರಿಕೆಗಳು ನಕ್ಷೆಗೆ ಬಣ್ಣ ಹಚ್ಚಿದವು: ಪಶ್ಚಿಮ ಒಂದು ಬಣ್ಣ, ಆಂಟೇರಿಯೋ ಇನ್ನೊಂದು, ಕ್ವಿಬೆಕ್ ಮತ್ತೊಂದು. ಜನರ ನಡುವೆ ಇದ್ದ ಬಿರುಕನ್ನು ಚುನಾವಣಾ ಪದ್ಧತಿ ಕಂದಕವಾಗಿಸಿ ತೋರಿಸಿತು. ಕ್ಷೇತ್ರದಲ್ಲಿ ಮುಂದಿದ್ದವನೇ ಗೆದ್ದ ಎಂಬ ಈ ಪದ್ಧತಿ ನಮಗೂ ಅವರಿಗೂ ಬಂದದ್ದು ಒಂದೇ ಮನೆಯಿಂದ, ಬ್ರಿಟನ್ನಿನಿಂದ. ಹಾಗಾಗಿ ಈ ಲೆಕ್ಕ ನಮಗೆ ಹೊರಗಿನದಲ್ಲ.

ಸರಿ, ಐವತ್ತನಾಲ್ಕು ಸ್ಥಾನ ಬಂತು. ಮುಂದೇನಾಯಿತು? 1995ರ ಅಕ್ಟೋಬರ್ 30ರಂದು ಕ್ವಿಬೆಕ್‌ನಲ್ಲಿ ಸ್ವಾತಂತ್ರ್ಯದ ಬಗ್ಗೆ ಜನಮತಗಣನೆ. ಶೇ. 93ಕ್ಕೂ ಹೆಚ್ಚು ಜನ ಮತ ಹಾಕಿದರು. ಬೇಡ ಎಂದವರು ಶೇ. 50.58, ಬೇಕು ಎಂದವರು ಶೇ. 49.42. ಕೂದಲೆಳೆಯ ಅಂತರ! ಆ ರಾತ್ರಿ ಕ್ವಿಬೆಕ್ ಪ್ರಧಾನಿ ಜಾಕ್ ಪರಿಜೊ ವೇದಿಕೆ ಹತ್ತಿ, ನಮ್ಮನ್ನು ಸೋಲಿಸಿದ್ದು ಹಣ ಮತ್ತು ಪರಜನಾಂಗದವರ ಮತ ಎಂಬರ್ಥದ ಮಾತು ಆಡಿಬಿಟ್ಟರು. ಮರುದಿನವೇ ರಾಜೀನಾಮೆ ಘೋಷಿಸಬೇಕಾಯಿತು. ಇನ್ನೊಂದು ಸಂಗತಿ ನೆನಪಿರಲಿ. ಅದಕ್ಕೆ ಕೆಲವೇ ದಿನ ಮೊದಲು ಉತ್ತರ ಕ್ವಿಬೆಕ್‌ನ ಕ್ರೀ ಜನ ತಮ್ಮದೇ ಮತಗಣನೆ ನಡೆಸಿ, ಕೆನಡಾ ಬಿಟ್ಟು ಬರುವುದಿಲ್ಲ ಎಂದು ಶೇ. 96ರಷ್ಟು ಮತದಿಂದ ಹೇಳಿದ್ದರು. ನಮ್ಮನ್ನು ಕೇಳಲಿಲ್ಲ ಎಂದು ಒಟ್ಟಾವವನ್ನು ದೂರುವವರು ತಮ್ಮೊಳಗಿನ ಚಿಕ್ಕವರನ್ನು ಕೇಳಿದ್ದರೇ? ಅದು ಕ್ರೀ ಜನರ ಪ್ರಶ್ನೆಯಾಗಿತ್ತು.

ಇನ್ನು ಆ ಸ್ಥಾನಗಳ ಗತಿ ನೋಡಿ. 2011ರ ಚುನಾವಣೆಯಲ್ಲಿ ಬ್ಲಾಕ್ ಪಕ್ಷ ನಾಲ್ಕು ಸ್ಥಾನಕ್ಕೆ ಇಳಿಯಿತು. ಕ್ವಿಬೆಕ್‌ನ 75ರಲ್ಲಿ 59 ಸ್ಥಾನ ಎನ್.ಡಿ.ಪಿ. ಎಂಬ ರಾಷ್ಟ್ರೀಯ ಪಕ್ಷದ ಪಾಲಾಯಿತು. 2019ರಲ್ಲಿ ಬ್ಲಾಕ್ ಮತ್ತೆ 32ಕ್ಕೆ ಎದ್ದಿತು, 2025ರಲ್ಲಿ 22ಕ್ಕೆ ಇಳಿಯಿತು. ಹಾಗಾದರೆ ಪಕ್ಷ ಏಳುತ್ತಾ ಬೀಳುತ್ತಾ ಇದ್ದಾಗ ಫ್ರೆಂಚ್ ಭಾಷೆಯೂ ಹಾಗೇ ಎದ್ದು ಬಿದ್ದಿತೇ? ಇಲ್ಲ! ಏಕೆ?

ಫ್ರೆಂಚನ್ನು ಹಿಡಿದು ನಿಲ್ಲಿಸಿದ ಕಂಬ ಬೇರೆ ಕಡೆ ಇತ್ತು. 1960ರ ದಶಕದ ರಾಯಲ್ ಕಮಿಷನ್ ಒಂದು ಕಹಿ ಸತ್ಯ ಬಯಲಿಗಿಟ್ಟಿತ್ತು: ಕ್ವಿಬೆಕ್‌ನಲ್ಲೇ ಫ್ರೆಂಚ್ ಮೂಲದವರ ಆದಾಯ ಇಂಗ್ಲಿಷರಿಗಿಂತ ಬಹಳ ಕೆಳಗಿದೆ. ವಲಸೆ ಬಂದವರು ಮಕ್ಕಳನ್ನು ಇಂಗ್ಲಿಷ್ ಶಾಲೆಗೇ ಹಾಕುತ್ತಿದ್ದರು. ಅನ್ನ ಕೊಡುವ ಭಾಷೆಯ ಹಿಂದೆ ಜನ ಹೋಗುವುದು ಸಹಜ ತಾನೆ? 1976ರಲ್ಲಿ ರೆನೆ ಲೆವೆಕ್ ಅವರ ಪಕ್ಷ ಪ್ರಾಂತ್ಯದ ಅಧಿಕಾರ ಹಿಡಿಯಿತು. 1977ರ ಆಗಸ್ಟ್‌ನಲ್ಲಿ ಮಸೂದೆ 101 ಕಾನೂನಾಯಿತು. ವಲಸೆ ಬಂದವರ ಮಕ್ಕಳಿಗೆ ಫ್ರೆಂಚ್ ಶಾಲೆ. ಐವತ್ತಕ್ಕಿಂತ ಕಡಿಮೆಯಿಲ್ಲದ ನೌಕರರಿರುವ ಕಂಪನಿಗಳಲ್ಲಿ ಕೆಲಸದ ಭಾಷೆ ಫ್ರೆಂಚ್. ಅಂಗಡಿ ಬೋರ್ಡು ಫ್ರೆಂಚ್. ಆಗ ಬ್ಲಾಕ್ ಪಕ್ಷ ಹುಟ್ಟಿಯೇ ಇರಲಿಲ್ಲ ಎಂಬುದನ್ನು ಗಮನಿಸಿ! ಇದು ಒಟ್ಟಾವದಲ್ಲಿ ಗುದ್ದಾಡಿ ತಂದದ್ದಲ್ಲ, ತಮ್ಮ ಶಾಸನಸಭೆಯಲ್ಲಿ ತಮ್ಮ ಅಧಿಕಾರ ಬಳಸಿ ಮಾಡಿಕೊಂಡದ್ದು.

ಅದಕ್ಕೆ ಬೆಲೆಯನ್ನೂ ತೆತ್ತರು. ಸನ್ ಲೈಫ್‌ನಂಥ ದೊಡ್ಡ ವಿಮಾ ಕಂಪನಿ ತನ್ನ ಮುಖ್ಯ ಕಚೇರಿಯನ್ನು ಟೊರಾಂಟೋಗೆ ಒಯ್ದಿತು. ಬೋರ್ಡಿನಲ್ಲಿ ಫ್ರೆಂಚ್ ಮಾತ್ರ ಇರಬೇಕೆಂಬ ನಿಯಮವನ್ನು 1988ರಲ್ಲಿ ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ಕ್ವಿಬೆಕ್ ಸಂವಿಧಾನದ ವಿಶೇಷ ಅಧಿಕಾರ ಬಳಸಿ ಮತ್ತೆ ತಂದಿತು. ಕೊನೆಗೆ 1993ರಲ್ಲಿ, ಬೇರೆ ಭಾಷೆಯೂ ಇರಲಿ, ಆದರೆ ಫ್ರೆಂಚ್ ಎದ್ದು ಕಾಣಲಿ ಎಂಬ ನಡುದಾರಿಗೆ ಬಂದಿತು. ಕಾನೂನು ಬಾಗಿತು, ಮುರಿಯಲಿಲ್ಲ. ವಲಸೆ ಬಂದವರ ಮಕ್ಕಳು ಫ್ರೆಂಚ್ ಶಾಲೆಯಲ್ಲಿ ಓದಿ ಬೆಳೆದರು. ಪರಿಜೊ ಅವರು ಹೊರಗಿನವರೆಂದು ಎಣಿಸಿದ ಮನೆಗಳ ಮಕ್ಕಳೇ ಫ್ರೆಂಚ್ ಮಾತಾಡುವ ಹೊಸ ಪೀಳಿಗೆಯಾದರು. ಆ ರಾತ್ರಿಯ ಒಂದು ಮಾತು ದೂರ ತಳ್ಳಿದವರನ್ನು ಶಾಲೆ ಒಳಗೆ ಕರೆದುಕೊಂಡಿತ್ತು.

ಪಶ್ಚಿಮದ ಸಿಟ್ಟು ಮಾತ್ರ ಇಂದಿಗೂ ಆರಿಲ್ಲ. 2019ರಲ್ಲಿ ಕನ್ಸರ್ವೇಟಿವರಿಗಿಂತ ಕಡಿಮೆ ಮತ ಪಡೆದೂ ಲಿಬರಲ್ಲರು ಸರ್ಕಾರ ಮಾಡಿದರು. ಆಲ್ಬರ್ಟಾ, ಸಸ್ಕಾಚೆವಾನ್ ಎರಡರಲ್ಲೂ ಅವರಿಗೆ ಸೊನ್ನೆ. 2025ರ ಏಪ್ರಿಲ್ 28ರಂದು ಮಾರ್ಕ್ ಕಾರ್ನಿ ನಾಯಕತ್ವದಲ್ಲಿ ಲಿಬರಲ್ಲರು 343ರಲ್ಲಿ 169 ಗೆದ್ದರು. ಮರುದಿನವೇ ಆಲ್ಬರ್ಟಾ ಸರ್ಕಾರ, ಜನಮತಗಣನೆ ಕೇಳಲು ಬೇಕಾದ ಸಹಿಗಳ ಸಂಖ್ಯೆಯನ್ನು ಇಳಿಸುವ ಮಸೂದೆ ಮಂಡಿಸಿತು. ಪ್ರತ್ಯೇಕತೆಯ ಮಾತು ಮತ್ತೆ ಎದ್ದಿತು. ಒಂದು ಪ್ರಾಂತ್ಯದ ದೂರನ್ನು ಕೇಳದೆ ಬಿಟ್ಟರೆ ಅದು ಸಾಯುವುದಿಲ್ಲ, ಬೂದಿ ಮುಚ್ಚಿದ ಕೆಂಡವಾಗಿ ಇರುತ್ತದೆ. ದಿಲ್ಲಿಯಲ್ಲಿ ಕೂತವರೂ ಇದನ್ನು ಓದಬೇಕು. ಬಲವಾದ ಕೇಂದ್ರ, ಉಳಿಕೆ ಅಧಿಕಾರವೆಲ್ಲ ಕೇಂದ್ರಕ್ಕೆ ಎಂಬ ಮಾದರಿಯನ್ನು ನಮ್ಮ ಸಂವಿಧಾನ ಕೆನಡಾದಿಂದಲೇ ತಂದದ್ದು.

ಆದ್ದರಿಂದ ಗೆಳೆಯರೇ, ಕ್ವಿಬೆಕ್ ಹೆಸರು ಹೇಳುವಾಗ ಐವತ್ತನಾಲ್ಕು ಸೀಟನ್ನು ಮಾತ್ರ ಹೇಳಬೇಡಿ, 1977ನ್ನೂ ಹೇಳಿ. ನಮ್ಮ ಕೈಯಲ್ಲೇ ಇರುವ ಅಧಿಕಾರದಿಂದ ಶಾಲೆಗೆ, ಕೆಲಸಕ್ಕೆ, ಅಂಗಡಿ ಬೋರ್ಡಿಗೆ ಏನು ಮಾಡಿದ್ದೇವೆ ಎಂದು ವಿಧಾನಸೌಧವನ್ನು ಕೇಳಿ. ನಿಮ್ಮ ಬೀದಿಗೆ ಹೊಸದಾಗಿ ಬಂದ ಮನೆಯ ಮಗು ನಾಳೆ ಕನ್ನಡದ್ದಾಗುತ್ತದೋ ಇಲ್ಲವೋ ಎಂಬುದನ್ನು ಅದರ ಶಾಲೆ, ಮತ್ತು ನೀವು ಅದರೊಡನೆ ಆಡುವ ಮಾತು ತೀರ್ಮಾನಿಸುತ್ತದೆ. ಅದಕ್ಕೆ ಚುನಾವಣೆಯವರೆಗೆ ಕಾಯಬೇಕಿಲ್ಲ.